ವರ್ಷವೆಲ್ಲ ಬೀಗ, ನಾಲ್ಕು ದಿನ ಗದ್ದಲ

ಜುಲೈ 14 ಫ್ರಾನ್ಸಿನ ರಾಷ್ಟ್ರೀಯ ಹಬ್ಬ. ಅದು ಗುರುವಾರ ಬಿತ್ತೆಂದರೆ ಪ್ಯಾರಿಸ್‌ನ ಎಷ್ಟೋ ಕಚೇರಿಗಳಲ್ಲಿ ಶುಕ್ರವಾರ ಯಾರೂ ಕೈಗೆ ಸಿಗುವುದಿಲ್ಲ. ಒಂದು ದಿನ ರಜೆ ಹಾಕಿ ನಾಲ್ಕು ದಿನ ಗಿಟ್ಟಿಸಿಕೊಂಡವರು ಬುಧವಾರ ಸಂಜೆಯೇ ಕಾರು ಹತ್ತಿರುತ್ತಾರೆ. ಹೊರಡುವ ಮೊದಲು ‘ಬಿಜೋಂ ಫ್ಯೂಟೆ’ ನೋಡುವುದು ವಾಡಿಕೆ. 1975ರ ಆಗಸ್ಟ್‌ನಲ್ಲಿ ಒಂದೇ ದಿನ ದೇಶದ ಹೆದ್ದಾರಿಗಳಲ್ಲಿ ಒಟ್ಟು 600 ಕಿ.ಮೀ. ಉದ್ದಕ್ಕೆ ವಾಹನಗಳು ಸಿಕ್ಕಿಕೊಂಡವು. ಮರುವರ್ಷ ಸರ್ಕಾರ ಶುರುಮಾಡಿದ ಸಂಚಾರ ಮುನ್ಸೂಚನೆ ಇದು. ಹಸಿರು, ಕಿತ್ತಳೆ, ಕೆಂಪು, ಕಪ್ಪು ಎಂದು ದಿನಕ್ಕೊಂದು ಬಣ್ಣ ಹಚ್ಚುತ್ತದೆ. ಕಪ್ಪು ದಿನವಾದರೂ ಹೊರಡುವವರು ಹೊರಟೇ ಹೊರಡುತ್ತಾರೆ.

ಎಲ್ಲಿಗೆ? ಹಳ್ಳಿಮನೆಗೆ. ‘ಮೇಜೋಂ ದ ಕಂಪಾನ್ಯ್’ ಎನ್ನುತ್ತಾರೆ ಅದಕ್ಕೆ. ಸಮುದ್ರತೀರದ ಫ್ಲ್ಯಾಟು, ಬೆಟ್ಟದ ಮೇಲಿನ ಮನೆಗಳನ್ನೂ ಸೇರಿಸಿದರೆ ಫ್ರಾನ್ಸಿನ ಹತ್ತು ಮನೆಗಳಲ್ಲಿ ಸುಮಾರು ಒಂದು ಯಾರದೋ ಎರಡನೇ ಮನೆ. ಎಲ್ಲವೂ ಸಿರಿವಂತರ ಬಂಗಲೆಗಳಲ್ಲ. ಜನ ಬೇಸಾಯ ಬಿಟ್ಟು ಪಟ್ಟಣ ಸೇರಿದಾಗ ಹಳ್ಳಿಗಳಲ್ಲಿ ರೈತರ ಮನೆಗಳು ಖಾಲಿ ಬಿದ್ದವು. ಅಜ್ಜಿಯಿಂದ ಬಂದದ್ದನ್ನು ಮಾರದೆ ಉಳಿಸಿಕೊಂಡ ಮೇಷ್ಟರು, ಗುಮಾಸ್ತರೂ ಇದ್ದಾರೆ. ಮನೆ ಇದ್ದರಾಯಿತೇ, ಬಿಡುವು ಬೇಡವೇ? 1936ರಲ್ಲಿ ಲಿಯೊನ್ ಬ್ಲೂಮ್ ಸರ್ಕಾರ ಕೊಟ್ಟ ಸಂಬಳಸಹಿತ ರಜೆ ವರ್ಷಕ್ಕೆ ಎರಡು ವಾರ. 1982ರಲ್ಲಿ ಅದು ಐದು ವಾರಕ್ಕೆ ಬಂತು.

ತಲುಪಿದ ಕೂಡಲೇ ಕಿಟಕಿಗಳ ಮರದ ಹೊರಗದ ತೆರೆಯಬೇಕು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಪೈಪು ಒಡೆಯದಿರಲೆಂದು ಬಂದ್ ಮಾಡಿದ ವಾಲ್ವು ತಿರುಗಿಸಬೇಕು. ಇಲಿ ಏನೇನು ಕಡಿದಿದೆ ನೋಡಬೇಕು. ಆರು ಮೂಲೆಯ ಕೆಂಪು ನೆಲಹೆಂಚು, ಮೊಳದಷ್ಟು ದಪ್ಪದ ಕಲ್ಲಿನ ಗೋಡೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು. ಬೀರುವಿನ ತುಂಬ ಲ್ಯಾವೆಂಡರ್ ವಾಸನೆಯ ದಪ್ಪ ಹಾಸುಬಟ್ಟೆಗಳು, ಅಂಚಿನಲ್ಲಿ ಮುತ್ತಜ್ಜಿಯ ಹೆಸರಿನ ಮೊದಲಕ್ಷರಗಳ ಕಸೂತಿ. ಅಡುಗೆಮನೆಯ ತಟ್ಟೆಗಳು ಒಂದಕ್ಕೊಂದು ಜೋಡಿಯಲ್ಲ, ಏಕೆಂದರೆ ಪ್ಯಾರಿಸ್ ಮನೆಗೆ ಬೇಡವಾದ ಸಾಮಾನಿಗೆಲ್ಲ ಇದೇ ಕೊನೆಯ ನಿಲ್ದಾಣ.

ಬೆಳಿಗ್ಗೆ ಬ್ರೆಡ್ ತರಲು ಮಕ್ಕಳನ್ನು ಸೈಕಲ್ ಮೇಲೆ ಅಟ್ಟುತ್ತಾರೆ. ಬಗೆತ್ ಮನೆ ಸೇರುವಷ್ಟರಲ್ಲಿ ಅದರ ತುದಿ ಮಾಯವಾಗಿರುತ್ತದೆ. ಊಟ ಲಿಂಡನ್ ಮರದ ಕೆಳಗಿನ ಉದ್ದ ಮೇಜಿನ ಮೇಲೆ. ಒಂದಕ್ಕೆ ಕೂತರೆ ಚೀಸ್, ಹಣ್ಣು, ಕಾಫಿ ಎಂದು ನಾಲ್ಕಾದರೂ ಏಳುವವರಿಲ್ಲ. ಹಬ್ಬದ ಮುನ್ನಾದಿನ ರಾತ್ರಿ ಎಷ್ಟೋ ಊರುಗಳಲ್ಲಿ ಅಗ್ನಿಶಾಮಕ ದಳದವರು ಏರ್ಪಡಿಸುವ ಕುಣಿತಕ್ಕೆ ಅಜ್ಜ-ಮೊಮ್ಮಕ್ಕಳೆಲ್ಲ ಹೋಗುತ್ತಾರೆ. ಹಾಗೆಂದು ಇದು ಆರಾಮದ ರಜೆಯಲ್ಲ: ಬೇಲಿ ಕತ್ತರಿಸುವುದು, ಚಾವಣಿಯಂಚಿನ ದೋಣಿಯಲ್ಲಿ ಬಿದ್ದ ಎಲೆ ತೆಗೆಯುವುದು, ಜಾರಿದ ಹೆಂಚು ಸರಿಪಡಿಸುವುದು. ಅಳಿಯಂದಿರಿಗೂ ವಿನಾಯಿತಿ ಇಲ್ಲ.

ನನ್ನ ಮಟ್ಟಿಗೆ ಈ ಮನೆಯ ನಿಜವಾದ ಕಥೆ ಇರುವುದು ಕಾಫಿಯ ಹೊತ್ತಿನ ಆಸ್ತಿಪಾಲಿನ ಮಾತಿನಲ್ಲಿ. ನೆಪೋಲಿಯನ್ ಕಾಲದ 1804ರ ನಾಗರಿಕ ಸಂಹಿತೆ ಮಕ್ಕಳೆಲ್ಲರಿಗೂ ಸಮಪಾಲು ಎಂದಿತು. ಉಯಿಲು ಬರೆದರೂ ಮಕ್ಕಳನ್ನು ಪೂರ್ತಿ ಕೈಬಿಡುವಂತಿಲ್ಲ: ಒಬ್ಬರೇ ಇದ್ದರೆ ಆಸ್ತಿಯ ಅರ್ಧ, ಇಬ್ಬರಿದ್ದರೆ ಮೂರರಲ್ಲಿ ಎರಡು, ಮೂವರು ಅಥವಾ ಹೆಚ್ಚಿದ್ದರೆ ಮುಕ್ಕಾಲು ಪಾಲು ಅವರಿಗೇ ಮೀಸಲು. ಹೊಲವನ್ನು ಅಳೆದು ಹಂಚಬಹುದು, ಮನೆಯನ್ನು ಹೇಗೆ ಹಂಚುವುದು? ಆದ್ದರಿಂದ ಅದು ಜಂಟಿ ಒಡೆತನದಲ್ಲಿ ಉಳಿಯುತ್ತದೆ. ಆದರೆ ಜಂಟಿಯಾಗಿಯೇ ಇರಬೇಕೆಂದು ಯಾರನ್ನೂ ಬಲವಂತ ಮಾಡುವಂತಿಲ್ಲ ಎಂದೂ ಅದೇ ಸಂಹಿತೆ ಹೇಳುತ್ತದೆ. ಒಬ್ಬ ತಂಗಿ ಪಾಲು ಕೇಳಿದರೆ ಸಾಕು, ಉಳಿದವರು ಅವಳ ಪಾಲು ಕೊಳ್ಳಬೇಕು, ಇಲ್ಲವೇ ಮನೆ ಮಾರಬೇಕು. ಇದಕ್ಕೆ ಹೆದರಿ ಕೆಲವರು ಮನೆಯ ಹೆಸರಿನಲ್ಲೇ ಒಂದು ಕುಟುಂಬ ಕಂಪನಿ ಮಾಡಿಕೊಂಡು ಷೇರು ಹಂಚಿಕೊಳ್ಳುತ್ತಾರೆ.

ಬೆರಿ ಪ್ರಾಂತ್ಯದ ನೋಹಾಂನಲ್ಲಿ ಲೇಖಕಿ ಜಾರ್ಜ್ ಸಾಂಡ್‌ಗೆ ಅಜ್ಜಿಯಿಂದ ಬಂದ ಮನೆಯಿದೆ. ಸಂಗೀತಗಾರ ಶೋಪಾಂ ಏಳು ಬೇಸಿಗೆ ಅಲ್ಲಿ ಕಳೆದ. ಸಾಂಡ್‌ಳ ಮೊಮ್ಮಗಳು ಅದನ್ನು ಸರ್ಕಾರಕ್ಕೆ ಒಪ್ಪಿಸಿದ್ದರಿಂದ ಇವತ್ತು ನಾವೂ ಹೋಗಿ ನೋಡಬಹುದು. ಸಾಮಾನ್ಯರ ಮನೆಗೆ ಆ ಭಾಗ್ಯವಿಲ್ಲ. ಒಲಿವಿಯೆ ಅಸಾಯಾಸ್‌ನ 2008ರ ಸಿನಿಮಾ ‘ಲರ್ ದೇತೆ’ಯಲ್ಲಿ ತಾಯಿ ತೀರಿಕೊಂಡ ಮೇಲೆ ಹಿರಿಯ ಮಗನಿಗೆ ಮನೆ ಉಳಿಸುವ ಆಸೆ. ತಂಗಿ ಇರುವುದು ನ್ಯೂಯಾರ್ಕಿನಲ್ಲಿ, ತಮ್ಮ ಚೀನಾದಲ್ಲಿ. ಜಗಳವೇನೂ ಆಗುವುದಿಲ್ಲ, ಮನೆ ಮಾತ್ರ ಮಾರಾಟವಾಗುತ್ತದೆ.

ಊರಿನವರ ತಕರಾರು ಬೇರೆ. ಇಲ್ ದ ರೇ ದ್ವೀಪದಂಥ ಕಡೆ ಹೊರಗಿನವರ ಬೇಡಿಕೆಯಿಂದ ಬೆಲೆ ಏರಿ ಸ್ಥಳೀಯ ಯುವಕರಿಗೆ ಮನೆ ಎಟುಕುವುದಿಲ್ಲ. 2023ರಿಂದ ವಾಸದ ಮನೆಗೆ ನಿವಾಸ ತೆರಿಗೆ ಪೂರ್ತಿ ರದ್ದಾಗಿದೆ, ಎರಡನೇ ಮನೆಗೆ ಇಲ್ಲ. ಮನೆ ಅಭಾವವಿರುವ ಊರುಗಳು ಅದರ ಮೇಲೆ ಶೇ 60ರವರೆಗೆ ಹೆಚ್ಚುವರಿ ಹಾಕಬಹುದು. ಜನ ಕರಗಿಹೋದ ಒಳನಾಡಿನ ಹಳ್ಳಿಯಲ್ಲಾದರೋ ಗಾರೆಯವನಿಗೆ, ಬೇಕರಿಯವನಿಗೆ ಇವರಿಂದಲೇ ವ್ಯಾಪಾರ.

ಭಾನುವಾರ ಮಧ್ಯಾಹ್ನ ಫ್ರಿಜ್ ಖಾಲಿ ಮಾಡಿ, ಕದಗಳನ್ನು ಮುಚ್ಚಿ, ಎಲ್ಲರೂ ನಾಲ್ಕು ನಾಲ್ಕು ಮುತ್ತು ಕೊಟ್ಟುಕೊಂಡು ಹೊರಡುತ್ತಾರೆ. ಚಾವಣಿ ರಿಪೇರಿಗೆ ಯಾರೆಷ್ಟು ಕೊಡಬೇಕು, ಆಗಸ್ಟ್ ಎರಡನೇ ವಾರ ಮನೆ ಯಾರಿಗೆ ಎಂಬ ಚರ್ಚೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮುಂದುವರಿಯುತ್ತದೆ.