ನಿಮಗಿದು ಗೊತ್ತೆ? ಗೇಣುದ್ದದ ಗೇಟಿನಲ್ಲಿ ಮಹಾಪೂರ

ಸಿರುಗುಪ್ಪ, ಕುರುಗೋಡುಗಳ ಭತ್ತದ ಗದ್ದೆಗಳಿಗೆ ಕಾಲುವೆಯಾಗಿ ಹರಿದುಬರುವ ನೀರನ್ನು ಹಿಡಿದು ನಿಲ್ಲಿಸಿರುವ ತುಂಗಭದ್ರಾ ಅಣೆಕಟ್ಟಿಗೆ 60 ಅಡಿ ಅಗಲ, 20 ಅಡಿ ಎತ್ತರದ 33 ಕ್ರಸ್ಟ್ ಗೇಟುಗಳಿವೆ. ಇಂತಹ ಬೃಹತ್ ಕಟ್ಟಡದ ಮೇಲೆ ಮಹಾಪೂರದ ಪರಿಣಾಮವೇನೆಂಬುದನ್ನು ಪೂರವೇ ಬಂದು ತೋರಿಸುವವರೆಗೆ ಕಾದಿರುವುದು ವಿವೇಕವಲ್ಲವಾದುದರಿಂದ, ಎಂಜಿನಿಯರುಗಳು ಅದರ ಪ್ರತಿಕೃತಿಯನ್ನು ಕಿರಿದಾಗಿ ನಿರ್ಮಿಸಿ ಪರೀಕ್ಷಿಸುವರು. ಕೃಷ್ಣರಾಜಸಾಗರದಲ್ಲಿರುವ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರವು ಇಂತಹ ಪ್ರಯೋಗಗಳಿಗೆ ಹೆಸರಾದುದು.

ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಸಿದಾಗ ಇಂತಹ ಗೇಟಿನ ಎತ್ತರ ಹತ್ತು ಅಂಗುಲಕ್ಕಿಂತ ಕಡಿಮೆ. ಆದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲವೆಂಬುದೇ ಇಲ್ಲಿಯ ಸ್ವಾರಸ್ಯ. ಹತ್ತೊಂಬತ್ತನೆಯ ಶತಮಾನದ ಆಂಗ್ಲ ಎಂಜಿನಿಯರ್ ವಿಲಿಯಂ ಫ್ರೌಡನ ಹೆಸರಿನ ನಿಯಮದಂತೆ ನೀರಿನ ವೇಗ ಐದರಲ್ಲೊಂದು ಪಾಲಾಗುವುದು, ನದಿಯ ಐದು ಗಂಟೆಯ ಪ್ರವಾಹವು ಪ್ರತಿಕೃತಿಯಲ್ಲಿ ಒಂದೇ ಗಂಟೆಯಲ್ಲಿ ಮುಗಿಯುವುದು, ನದಿಯ 3,125 ಕ್ಯುಸೆಕ್‌ಗೆ ಅಲ್ಲಿ ಒಂದೇ ಕ್ಯುಸೆಕ್ ಸಾಕಾಗುವುದು. ಬುಡದಲ್ಲಿ ಹರಡಿದ ಮರಳು ಎಲ್ಲಿ ಕೊರೆದು ಗುಂಡಿಯಾಯಿತೆಂಬುದನ್ನು ನೋಡಿ, ನಿಜವಾದ ನದಿ ಎಲ್ಲಿ ಕೊರೆದೀತೆಂದು ಊಹಿಸುವರು.

ಕಂಪ್ಯೂಟರಿನ ಗಣಿತ ಮಾದರಿಗಳು ಬಂದ ಮೇಲೆಯೂ ಈ ಪುಟ್ಟ ಜಲಧಾರೆಯ ಸಾಕ್ಷ್ಯಕ್ಕೆ ಬೆಲೆ ಕುಂದಿಲ್ಲ; ಕುಂದಲೂಬಾರದು. ಆದರೆ ನೀರಿನ ಪ್ರತಿಕೃತಿಯು ನೀರಿನ ನಡೆಯನ್ನು ತೋರಿಸೀತೇ ಹೊರತು, ದಶಕಗಳು ಕಳೆದಂತೆ ಸವೆಯುವ ಉಕ್ಕಿನ ಬಲವನ್ನಲ್ಲ. ಅದಕ್ಕೆ ಕಣ್ಣಿಟ್ಟು ಮಾಡುವ ತಪಾಸಣೆಯೇ ಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೆಯ ಗೇಟು ಕೊಚ್ಚಿಹೋದುದು ಅದರ ಸರಪಳಿ ತುಂಡಾಗಿ.