ಶಾಲೆ ನೋಡಿ ಮನೆ ಕೊಳ್ಳುವವರ ಊರು ಫ್ರಿಸ್ಕೊ

ಅಮೆರಿಕದ ಟೆಕ್ಸಸ್ ರಾಜ್ಯದ ಡಲ್ಲಾಸ್ ನಗರದಿಂದ ಟೋಲ್ ರಸ್ತೆ ಹಿಡಿದು ಉತ್ತರಕ್ಕೆ ಸುಮಾರು ನಲವತ್ತೈದು ಕಿಲೋಮೀಟರ್ ಸಾಗಿದರೆ ಫ್ರಿಸ್ಕೊ ಸಿಗುತ್ತದೆ. 1990ರ ಜನಗಣತಿಯಲ್ಲಿ ಈ ಊರಿನಲ್ಲಿದ್ದವರು ಆರು ಸಾವಿರ ಚಿಲ್ಲರೆ ಮಂದಿ. ನಮ್ಮ ಕಡೆಯ ಒಂದು ಹೋಬಳಿ ಕೇಂದ್ರಕ್ಕೆ ಹೋಲಿಸಬಹುದಾದ ಊರು. 2000ದಲ್ಲಿ 33,714, 2010ರಲ್ಲಿ 1,16,989, 2020ರಲ್ಲಿ 2,00,509. ಮೂವತ್ತು ವರ್ಷದಲ್ಲಿ ಮೂವತ್ತು ಪಟ್ಟಿಗೂ ಹೆಚ್ಚು. ಗಣಿ ಸಿಕ್ಕಿ ಬೆಳೆದ ಊರಲ್ಲ, ಬಂದರು ಬಂದು ಬೆಳೆದ ಊರೂ ಅಲ್ಲ. ಬಹಳ ಜನರಿಗೆ ಕೆಲಸ ಪಕ್ಕದ ಪ್ಲೇನೊದಲ್ಲಿ, ರಿಚರ್ಡ್‌ಸನ್‌ನಲ್ಲಿ, ಡಲ್ಲಾಸ್‌ನಲ್ಲಿ. ಮನೆ ಮಾತ್ರ ಫ್ರಿಸ್ಕೊದಲ್ಲಿ. ಅಷ್ಟು ದೂರ ಯಾಕೆ ಎಂದರೆ ಅಲ್ಲಿ ನೆಲೆಸಿದ ಕನ್ನಡಿಗರೂ ತೆಲುಗರೂ ಅಮೆರಿಕನ್ನರೂ ಕೊಡುವ ಉತ್ತರ ಒಂದೇ: ಮಕ್ಕಳ ಶಾಲೆ.

1902ರಲ್ಲಿ ಇಲ್ಲಿ ರೈಲು ಬಂತು. ಉಗಿಬಂಡಿಗೆ ನೀರು ತುಂಬಿಸಲು ನಿಲ್ದಾಣ ಬೇಕಿತ್ತು. ನಿಲ್ದಾಣದ ಸುತ್ತ ಊರು ಕಟ್ಟಿತು. ಮೊದಲಿಗೆ ಎಮರ್ಸನ್ ಎಂದು ಕರೆಯಲು ಹೊರಟರು, ಆಮೇಲೆ ಸೇಂಟ್ ಲೂಯಿಸ್–ಸ್ಯಾನ್ ಫ್ರಾನ್ಸಿಸ್ಕೊ ರೈಲ್ವೆಯ ಹೆಸರಿನ ಬಾಲವೇ ಊರಿಗೆ ಅಂಟಿಕೊಂಡಿತು. ಎಮರ್ಸನ್ ಎಂಬ ಆ ಹಳೆಯ ಹೆಸರಿನಲ್ಲಿ 2021ರಲ್ಲಿ ಒಂದು ಹೈಸ್ಕೂಲು ತೆರೆದಿದೆ. ನೂರು ವರ್ಷಗಳ ಕಾಲ ಇಡೀ ಊರಿಗೆ ಒಂದೇ ಹೈಸ್ಕೂಲು ಸಾಕಾಗಿತ್ತು. ಎರಡನೆಯದು ಬಂದದ್ದು 2003ರಲ್ಲಿ. ಹನ್ನೆರಡನೆಯದು 2022ರಲ್ಲಿ. ಅಂದರೆ ಇಪ್ಪತ್ತು ವರ್ಷ ತುಂಬುವುದರೊಳಗೆ ಹನ್ನೊಂದು ಹೈಸ್ಕೂಲು!

ನಮ್ಮ ಬಿಇಒ, ಡಿಡಿಪಿಐ ವ್ಯವಸ್ಥೆಗೆ ಒಗ್ಗಿದವರಿಗೆ ಅಲ್ಲಿನ ಏರ್ಪಾಡು ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ಫ್ರಿಸ್ಕೊ ಐಎಸ್‌ಡಿ ಎಂಬ ಸರಕಾರಿ ಶಾಲಾ ಜಿಲ್ಲೆ ನಗರಸಭೆಯ ಅಧೀನದಲ್ಲಿಲ್ಲ. ಅದಕ್ಕೆ ತನ್ನದೇ ಗಡಿ, ತನ್ನದೇ ತೆರಿಗೆ, ಜನ ಆರಿಸಿದ ಏಳು ಮಂದಿಯ ಮಂಡಳಿ. ಗಡಿಗಳೂ ಒಂದರ ಮೇಲೊಂದು ಕೂರುವುದಿಲ್ಲ. ಅಂಚೆ ವಿಳಾಸದಲ್ಲಿ ಪ್ಲೇನೊ ಅಥವಾ ಮೆಕಿನಿ ಎಂದಿದ್ದರೂ ಮಕ್ಕಳು ಫ್ರಿಸ್ಕೊ ಶಾಲೆಗೆ ಹೋಗುವ ಬಡಾವಣೆಗಳಿವೆ. ಫ್ರಿಸ್ಕೊ ವಿಳಾಸವಿದ್ದೂ ಬೇರೆ ಜಿಲ್ಲೆಗೆ ಸೇರುವ ಮನೆಗಳಿವೆ. ರಸ್ತೆಯ ಈ ಬದಿ ಒಂದು ಜಿಲ್ಲೆ, ಆ ಬದಿ ಇನ್ನೊಂದು ಜಿಲ್ಲೆ. ಮನೆ ಮಾರುವವರು ಜಾಹೀರಾತಿನಲ್ಲಿ ಮಲಗುವ ಕೋಣೆಗಳ ಲೆಕ್ಕದ ಜೊತೆಗೇ ಶಾಲಾ ಜಿಲ್ಲೆಯ ಹೆಸರನ್ನೂ ಹಾಕುವುದು ಇದಕ್ಕೇ.

ಪೋಷಕರು ಮೆಚ್ಚಿಕೊಳ್ಳುವ ಮೊದಲ ವಿಷಯ ಶಾಲೆಗಳ ಗಾತ್ರ. ಪೂರ್ವಕ್ಕಿರುವ ಆಲೆನ್ ಎಂಬ ಊರು ಬೆಳೆದಾಗ ಹೈಸ್ಕೂಲನ್ನು ಎರಡು ಮಾಡಲಿಲ್ಲ. ಇದ್ದ ಒಂದನ್ನೇ ಐದು ಸಾವಿರ ಮಕ್ಕಳ ಮಟ್ಟಕ್ಕೆ ಹಿಗ್ಗಿಸಿತು, 2012ರಲ್ಲಿ ಆರು ಕೋಟಿ ಡಾಲರ್ ಸುರಿದು ಫುಟ್‌ಬಾಲ್ ಕ್ರೀಡಾಂಗಣ ಕಟ್ಟಿತು. ಎರಡು ವರ್ಷದೊಳಗೆ ಕಾಂಕ್ರೀಟು ಬಿರುಕು ಬಿಟ್ಟು ಅದಕ್ಕೆ ಬೀಗ ಬಿತ್ತು ಎಂಬುದನ್ನು ಫ್ರಿಸ್ಕೊದವರು ಈಗಲೂ ನಗುತ್ತಾ ಹೇಳಿಕೊಳ್ಳುತ್ತಾರೆ (ರಿಪೇರಿಯಾಗಿ ಮತ್ತೆ ತೆರೆದದ್ದನ್ನು ಅಷ್ಟು ಉತ್ಸಾಹದಿಂದ ಹೇಳುವುದಿಲ್ಲ). ಫ್ರಿಸ್ಕೊ ಹಿಡಿದದ್ದು ಬೇರೆ ದಾರಿ. ಒಂದು ಹೈಸ್ಕೂಲಿಗೆ ಎರಡು ಸಾವಿರದ ಆಸುಪಾಸು ಮಕ್ಕಳು, ಅದು ತುಂಬಿದರೆ ಇನ್ನೊಂದು ಶಾಲೆ. ಒಂದು ಶಾಲಾ ಜಿಲ್ಲೆಯಲ್ಲಿ ಹನ್ನೆರಡು ಹೈಸ್ಕೂಲು ಇದ್ದರೆ ಹನ್ನೆರಡು ಬ್ಯಾಂಡ್, ಹನ್ನೆರಡು ನಾಟಕ ತಂಡ, ಹನ್ನೆರಡು ಫುಟ್‌ಬಾಲ್ ತಂಡ. ನಡುವಿನ ದರ್ಜೆಯ ಹುಡುಗನಿಗೂ ಯಾವುದಾದರೊಂದು ತಂಡದಲ್ಲಿ ಜಾಗ ಸಿಗುತ್ತದೆ. ನಮ್ಮವರ ಮಕ್ಕಳು ಫುಟ್‌ಬಾಲಿಗೆ ಅಷ್ಟಾಗಿ ಹೋಗದಿದ್ದರೂ ಡಿಬೇಟ್, ರೋಬೊಟಿಕ್ಸ್, ಆರ್ಕೆಸ್ಟ್ರಾಗಳಲ್ಲಿ ಇದರ ಫಲ ಉಂಡಿದ್ದಾರೆ. ದೊಡ್ಡ ಪಂದ್ಯಗಳಿಗೆ ಡಲ್ಲಾಸ್ ಕೌಬಾಯ್ಸ್ ಎಂಬ ವೃತ್ತಿಪರ ಫುಟ್‌ಬಾಲ್ ತಂಡದ ಪ್ರಧಾನ ನೆಲೆಯಲ್ಲಿರುವ, 12,000 ಆಸನಗಳ ಒಳಾಂಗಣ ಕ್ರೀಡಾಂಗಣವಿದೆ. ತಂಡ, ನಗರ ಮತ್ತು ಶಾಲಾ ಜಿಲ್ಲೆ ಕೂಡಿ ಮಾಡಿಕೊಂಡ ಒಪ್ಪಂದದಿಂದ 2016ರಲ್ಲಿ ತೆರೆದದ್ದು. ಹೈಸ್ಕೂಲು ಮುಗಿಸಿದ ಮಕ್ಕಳು ಗೌನು ತೊಟ್ಟು ಪ್ರಮಾಣಪತ್ರ ಪಡೆಯುವುದೂ ಅಲ್ಲೇ.

ಎರಡನೆಯ ವಿಷಯದಲ್ಲಿ ಪೋಷಕರು ಇಬ್ಭಾಗ. ಅದು ಪೈಪೋಟಿ. 1997ರ ಟೆಕ್ಸಸ್ ಕಾನೂನಿನ ಪ್ರಕಾರ ತಮ್ಮ ಹೈಸ್ಕೂಲಿನ ಮೇಲಿನ ಶೇ 10ರಲ್ಲಿ ಬಂದವರಿಗೆ ರಾಜ್ಯದ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಎಲ್ಲರೂ ಕಣ್ಣಿಟ್ಟಿರುವ ಆಸ್ಟಿನ್‌ನ ವಿಶ್ವವಿದ್ಯಾಲಯಕ್ಕೆ ಮಾತ್ರ ಮಿತಿ ಇನ್ನೂ ಬಿಗಿ: ಕೆಲವು ವರ್ಷ ಶೇ 6 ಇದ್ದದ್ದು 2026ರ ಪ್ರವೇಶಕ್ಕೆ ಶೇ 5ಕ್ಕೆ ಇಳಿದಿದೆ. ಒಂದು ತರಗತಿಯಲ್ಲಿ ಐನೂರು ಮಕ್ಕಳಿದ್ದರೆ ಇಪ್ಪತ್ತೈದೇ ಸೀಟು. ಐಟಿ ಕಂಪನಿಗಳ ಎಂಜಿನಿಯರುಗಳ ಮಕ್ಕಳೇ ತುಂಬಿರುವ ಶಾಲೆಯಲ್ಲಿ ಆ ಇಪ್ಪತ್ತೈದರೊಳಗೆ ಬರುವುದು ಎಂದರೆ ಸಿಇಟಿ ರ‍್ಯಾಂಕಿನ ನೆನಪು ತರಿಸುವ ಓಟ. ಎಪಿ ದರ್ಜೆಯ ಕಠಿಣ ವಿಷಯಗಳಿಗೆ ಅಂಕದ ತೂಕ ಹೆಚ್ಚು, ಸಾಮಾನ್ಯ ದರ್ಜೆಗೆ ಕಡಿಮೆ. ಹಾಗಾಗಿ ಹದಿನಾಲ್ಕರ ಹುಡುಗಿ ಚಿತ್ರಕಲೆ ತೆಗೆದುಕೊಳ್ಳಬೇಕೋ ಬೇಡವೋ ಎಂಬುದನ್ನು ಅಪ್ಪ ಎಕ್ಸೆಲ್ ಶೀಟಿನಲ್ಲಿ ಲೆಕ್ಕ ಹಾಕಿ ಹೇಳುವ ಕಾಲ ಬಂದಿದೆ. ಈ ಒತ್ತಡವೇ ಮಕ್ಕಳನ್ನು ಗಟ್ಟಿ ಮಾಡುತ್ತದೆ ಎನ್ನುವ ಪೋಷಕರು ಒಂದು ಕಡೆ. ಇಷ್ಟು ದುಡ್ಡು ಕೊಟ್ಟು ಈ ಊರಿಗೆ ಬಂದು ಮಗ ಹಿಂದೆ ಬಿದ್ದ, ಸುಮಾರು ಶಾಲೆಯಲ್ಲಿದ್ದಿದ್ದರೆ ಮೊದಲ ಸಾಲಿನಲ್ಲಿರುತ್ತಿದ್ದ ಎಂದು ಕೊರಗುವವರು ಇನ್ನೊಂದು ಕಡೆ. ನನಗನ್ನಿಸುವುದು, ಇದರಲ್ಲಿ ಶಾಲೆಯ ತಪ್ಪಿಗಿಂತ ನಾವು ಊರಿನಿಂದ ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಹೋದ ಸ್ವಭಾವದ ಪಾಲೇ ದೊಡ್ಡದು. ಈಗ ಈ ಜಿಲ್ಲೆಯಲ್ಲಿ ಏಷ್ಯನ್ ಮೂಲದ ಮಕ್ಕಳದೇ ಅತಿ ದೊಡ್ಡ ಗುಂಪು. ಪೈಪೋಟಿ ಜಾಸ್ತಿಯಾಯಿತು ಎಂದು ದೂರುವವರೂ ಅದನ್ನು ಜಾಸ್ತಿ ಮಾಡಿದವರೂ ಎಷ್ಟೋ ಸಲ ಒಂದೇ ಮನೆಯವರು.

ಶಾಲಾ ವಲಯ ಬದಲಾಗುವುದು ಹಳೆಯ ತಲೆನೋವು. ಹೊಸ ಶಾಲೆ ಎದ್ದಾಗಲೆಲ್ಲ ಯಾವ ಬೀದಿ ಯಾವ ಶಾಲೆಗೆ ಎಂಬ ನಕ್ಷೆ ತಿದ್ದಬೇಕು. ಇಂಥ ಶಾಲೆಗೆಂದೇ ಮನೆ ಕೊಂಡ ಕುಟುಂಬ ಗೃಹಪ್ರವೇಶ ಮುಗಿಸಿ ಎರಡು ವರ್ಷಕ್ಕೆ ಬೇರೆ ಶಾಲೆಯ ಪಾಲಾಗಬಹುದು. ಸುರಕ್ಷತೆಯ ಚಿಂತೆಯೂ ಸೇರಿಕೊಂಡಿದೆ. 2025ರ ಏಪ್ರಿಲ್‌ನಲ್ಲಿ ಇಲ್ಲಿನ ಒಂದು ಶಾಲಾ ಕ್ರೀಡಾಕೂಟದಲ್ಲಿ ಹದಿಹರೆಯದ ವಿದ್ಯಾರ್ಥಿಯೊಬ್ಬ ಇರಿತಕ್ಕೆ ಬಲಿಯಾದಾಗ, ಸುರಕ್ಷಿತ ಊರು ಎಂದು ನಂಬಿ ಬಂದವರೆಲ್ಲ ಬೆಚ್ಚಿದರು.

ಇನ್ನು ದುಡ್ಡಿನ ಕತೆ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಅದರ ಭಾರದಲ್ಲಿ ದೊಡ್ಡ ಪಾಲು ಮನೆಯ ಮೇಲಿನ ಆಸ್ತಿ ತೆರಿಗೆಗೆ. ಆರೇಳು ಲಕ್ಷ ಡಾಲರಿನ ಮನೆಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್ ಆಸುಪಾಸು ಕಟ್ಟಬೇಕು, ಅದರಲ್ಲಿ ಅರ್ಧಕ್ಕೂ ಹೆಚ್ಚು ಶಾಲಾ ಜಿಲ್ಲೆಗೆ. ದಿನನಿತ್ಯದ ಖರ್ಚಿನ ತೆರಿಗೆಯನ್ನು ಒಂದು ಮಿತಿ ದಾಟಿ ಏರಿಸಬೇಕಾದರೆ, ಕಟ್ಟಡಕ್ಕೆ ಬಾಂಡ್ ಮೂಲಕ ಸಾಲ ಎತ್ತಬೇಕಾದರೆ ಜನರ ಮತ ಕೇಳಲೇಬೇಕು. 2016ರ ಆಗಸ್ಟ್‌ನಲ್ಲಿ ಹೀಗೆ ಕೇಳಿದಾಗ ಮತದಾರರು ಬೇಡ ಎಂದರು. ಕಟ್ಟಿದ್ದ ಮತ್ತು ಕಟ್ಟುತ್ತಿದ್ದ ನಾಲ್ಕು ಶಾಲೆಗಳ ಆರಂಭವನ್ನು ಜಿಲ್ಲೆ ಮುಂದಕ್ಕೆ ಹಾಕಬೇಕಾಯಿತು. 2018ರಲ್ಲಿ ಮತ್ತೆ ಕೇಳಿದಾಗ ತೆರಿಗೆಗೂ ಒಪ್ಪಿಗೆ ಸಿಕ್ಕಿತು, 69 ಕೋಟಿ ಡಾಲರಿನ ಬಾಂಡಿಗೂ ಸಿಕ್ಕಿತು. 2024ರ ನವೆಂಬರ್‌ನಲ್ಲಿ ಸುಮಾರು 108 ಕೋಟಿ ಡಾಲರಿನ ಬಾಂಡುಗಳು ಸೇರಿ ನಾಲ್ಕು ಪ್ರಸ್ತಾವ ಮುಂದಿಟ್ಟರು. ನಾಲ್ಕೂ ಬಿದ್ದವು. ರಾಜ್ಯ ಸರಕಾರ ಪ್ರತಿ ವಿದ್ಯಾರ್ಥಿಗೆ ಕೊಡುವ ಮೂಲ ಅನುದಾನ 2019ರಿಂದ 6,160 ಡಾಲರಿನಲ್ಲೇ ನಿಂತು, 2025ರಲ್ಲಿ ಏರಿದ್ದು ಬರೀ 55 ಡಾಲರ್. ಅಲ್ಲಿಂದಲೂ ಇಲ್ಲ, ಇಲ್ಲಿಂದಲೂ ಇಲ್ಲ.

ಈ ಮತದಾನದಲ್ಲಿ ಭಾರತೀಯ ಪೋಷಕರ ಪಾಲು ಎಷ್ಟು ಎಂದು ನೋಡಿದರೆ ಇಡೀ ಚಿತ್ರದ ಓರೆ ಕಾಣುತ್ತದೆ. ಮಗುವನ್ನು ಸರಕಾರಿ ಶಾಲೆಗೆ ಸೇರಿಸಲು ಪೌರತ್ವ ಬೇಡ, ಮನೆ ಕೊಳ್ಳಲೂ ಬೇಡ, ತೆರಿಗೆ ಕಟ್ಟಲಂತೂ ಬೇಡವೇ ಬೇಡ. ಮತ ಹಾಕಲು ಮಾತ್ರ ಬೇಕು. ಎಚ್‌-1ಬಿ ವೀಸಾದಲ್ಲಿದ್ದು ಗ್ರೀನ್ ಕಾರ್ಡಿನ ಸರದಿಯಲ್ಲಿ ಹತ್ತು–ಹದಿನೈದು ವರ್ಷ ಕಾಯುವ ಭಾರತೀಯರ ಮಕ್ಕಳು ಅಷ್ಟರಲ್ಲಿ ಹೈಸ್ಕೂಲು ಮುಗಿಸಿರುತ್ತಾರೆ. ಶಾಲೆಯ ಬಗ್ಗೆ ಅತಿ ಹೆಚ್ಚು ಅಭಿಪ್ರಾಯ ಇರುವವರ ಅಭಿಪ್ರಾಯ ಮತಪೆಟ್ಟಿಗೆ ಮುಟ್ಟುವುದೇ ಇಲ್ಲ. ಮಕ್ಕಳು ಓದಿ ಊರು ಬಿಟ್ಟ ಹಿರಿಯರ ಮನೆಗಳಿಂದ ಬರುವ ಮತ ಲೆಕ್ಕಕ್ಕೆ ಬರುತ್ತದೆ. ಅವರಿಗೂ ತೆರಿಗೆ ಕಟ್ಟಿ ಕಟ್ಟಿ ಸಾಕಾಗಿದೆ, ಅವರನ್ನು ದೂರುವಂತಿಲ್ಲ.

ಶಾಲೆಗಳ ಬೆಳವಣಿಗೆ ನಿಂತದ್ದು ಈ ಊರಿನ ಹೊಸ ಸಂಗತಿ. ವಿದ್ಯಾರ್ಥಿಗಳ ಸಂಖ್ಯೆ ಒಮ್ಮೆ ಸುಮಾರು 67,000 ಮುಟ್ಟಿ ಈಗ ಇಳಿಮುಖವಾಗಿದೆ. ಕಾರಣ ಸರಳ. ಒಳ್ಳೆಯ ಶಾಲೆ ಎಂದು ಜನ ಬಂದರು, ಜನ ಬಂದರೆಂದು ಮನೆ ಬೆಲೆ ಏರಿತು, ಬೆಲೆ ಏರಿದ ಮೇಲೆ ಐದು ವರ್ಷದ ಮಗುವಿರುವ ಎಳೆಯ ದಂಪತಿಗೆ ಅದು ಎಟುಕದಾಯಿತು. ಮೊದಲು ಬಂದವರ ಮಕ್ಕಳು ಕಾಲೇಜಿಗೆ ಹೋದರು, ಅಪ್ಪ ಅಮ್ಮ ಮನೆ ಬಿಡಲಿಲ್ಲ. ರಾಜ್ಯದ ಅನುದಾನ ಮಕ್ಕಳ ಹಾಜರಿಯ ಮೇಲೆ ನಿಂತಿರುವುದರಿಂದ ಮಕ್ಕಳು ಕಡಿಮೆಯಾದಷ್ಟೂ ಹಣ ಕಡಿಮೆ. ಇದೇ ಹಾದಿ ಮುಂಚೆಯೇ ತುಳಿದ ಪ್ಲೇನೊ 2024ರಲ್ಲಿ ನಾಲ್ಕು ಶಾಲೆ ಮುಚ್ಚಲು ತೀರ್ಮಾನಿಸಿತು. ಫ್ರಿಸ್ಕೊ ಈಗ ಜಿಲ್ಲೆಯ ಹೊರಗಿನ ಮಕ್ಕಳಿಂದಲೂ ಅರ್ಜಿ ಕರೆಯುತ್ತಿದೆ. ಒಂದು ಕಾಲಕ್ಕೆ ಈ ಗಡಿಯೊಳಗೆ ಬರಲು ಜನ ಲಕ್ಷ ಲಕ್ಷ ಡಾಲರ್ ಹೆಚ್ಚಿಗೆ ಕೊಟ್ಟಿದ್ದರು; ಅವರಿಗೆ ಇದು ಹೇಗೆ ಅನ್ನಿಸಬೇಡ?

ಹೊಸ ಮನೆ ಹುಡುಕುವವರು ಅದೇ ರಸ್ತೆಯಲ್ಲಿ ಇನ್ನೂ ಉತ್ತರಕ್ಕೆ ಹೋಗುತ್ತಿದ್ದಾರೆ. ಪ್ರಾಸ್ಪರ್ ಎಂಬ ಊರು 2010ರಿಂದ 2020ರೊಳಗೆ 9,423ರಿಂದ 30,174ಕ್ಕೆ ಬೆಳೆಯಿತು. ಅಲ್ಲಿನ ಮತದಾರರು 2023ರಲ್ಲಿ ಶಾಲೆ ಕಟ್ಟಲು ಭಾರಿ ಮೊತ್ತದ ಬಾಂಡಿಗೆ ಹೂಂ ಎಂದು, ಎರಡನೆಯ ದೊಡ್ಡ ಕ್ರೀಡಾಂಗಣಕ್ಕೆ ಊಹೂಂ ಎಂದರು. ಅದರಾಚೆಯ ಸೆಲೈನಾ 2023ರ ಅಂದಾಜಿನಲ್ಲಿ ಇಡೀ ಅಮೆರಿಕದಲ್ಲೇ ಅತಿ ವೇಗವಾಗಿ ಬೆಳೆದ ನಗರ. ಅಲ್ಲಿನ ಪೋಷಕರು ಇವತ್ತು ಆಡುವ ಮಾತು ಫ್ರಿಸ್ಕೊದವರು ಇಪ್ಪತ್ತು ವರ್ಷದ ಹಿಂದೆ ಆಡಿದ್ದೇ: ಶಾಲೆ ಚೆನ್ನಾಗಿದೆ, ಟೀಚರುಗಳಿಗೆ ಮಗುವಿನ ಹೆಸರು ಗೊತ್ತು, ಆದರೆ ಜನ ಜಾಸ್ತಿಯಾಗುತ್ತಿದ್ದಾರೆ.

ಕನ್ನಡಿಗರಿಗೆ ಫ್ರಿಸ್ಕೊ ಪರಕೀಯ ಅನ್ನಿಸದಿರಲು ಬೇರೆ ಕಾರಣಗಳೂ ಇವೆ. ಇಲ್ಲಿನ ಕಾರ್ಯಸಿದ್ಧಿ ಹನುಮಾನ್ ದೇವಾಲಯ ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ದತ್ತಪೀಠಕ್ಕೆ ಸೇರಿದ್ದು. ಡಲ್ಲಾಸ್ ಸುತ್ತಲಿನವರ ಮಲ್ಲಿಗೆ ಕನ್ನಡ ಸಂಘವಿದೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ 2018ರ ವಿಶ್ವ ಕನ್ನಡ ಸಮ್ಮೇಳನ ಡಲ್ಲಾಸ್‌ನಲ್ಲೇ ನಡೆಯಿತು. ಮೊಮ್ಮಕ್ಕಳನ್ನು ನೋಡಲು ಆರು ತಿಂಗಳಿಗೆಂದು ಬರುವ ಅಜ್ಜ ಅಜ್ಜಿಯರಿಗೆ ದೇವಸ್ಥಾನ, ದಿನಸಿ ಅಂಗಡಿ, ಮಾತಿಗೆ ಜನ ಎಲ್ಲ ಸಿಗುತ್ತದೆ. ಕಾರು ಓಡಿಸುವವರು ಯಾರಾದರೂ ಇರಬೇಕು ಅಷ್ಟೆ.

ಅಲ್ಲಿಗೆ ಹೊರಟಿರುವ ಎಳೆಯ ಕುಟುಂಬಗಳಿಗೆ ಎರಡು ಮಾತು. ಮನೆಗೆ ಮುಂಗಡ ಕೊಡುವ ಮುನ್ನ ಏಜೆಂಟರ ಬಾಯಿಮಾತು ನಂಬದೆ ಶಾಲಾ ಜಿಲ್ಲೆಯ ನಕ್ಷೆಯಲ್ಲಿ ಆ ಮನೆಯ ಸಂಖ್ಯೆಯನ್ನೇ ಹಾಕಿ ನೋಡಿ, ಆ ಶಾಲೆಯಲ್ಲಿ ಮಕ್ಕಳು ಏರುತ್ತಿದ್ದಾರೋ ಇಳಿಯುತ್ತಿದ್ದಾರೋ ವಿಚಾರಿಸಿ. ಮತ್ತು ಈಗಾಗಲೇ ಪೌರತ್ವ ಸಿಕ್ಕಿರುವವರು ಅಧ್ಯಕ್ಷರ ಚುನಾವಣೆಗಷ್ಟೇ ಕಾಯದೆ, ಮೇ ತಿಂಗಳಲ್ಲಿ ಸದ್ದಿಲ್ಲದೆ ನಡೆದುಹೋಗುವ ಶಾಲಾ ಮಂಡಳಿಯ ಚುನಾವಣೆಗೂ ಹೋಗಿ ಮತ ಹಾಕಿ.