ಹತ್ತಿಯ ನಾಡಿನಲ್ಲಿ ಚೀನೀ ಅಜ್ಜನ ಜಾಡು

ನಿಮ್ಮ ಮನೆ ಊರಿನ ಎಷ್ಟನೇ ಸಾಲಿನಲ್ಲಿದೆ? ಬಾವಿ ಯಾವ ದಿಕ್ಕಿಗಿದೆ? ಪಕ್ಕದ ಮನೆಯವರಿಗೆ ಎಷ್ಟು ಮಕ್ಕಳು? 1910ರಿಂದ 1940ರವರೆಗೆ ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಏಂಜಲ್ ದ್ವೀಪದಲ್ಲಿ ಚೀನೀ ವಲಸಿಗರಿಗೆ ಅಧಿಕಾರಿಗಳು ಹಾಕುತ್ತಿದ್ದ ಪ್ರಶ್ನೆಗಳು ಈ ಧಾಟಿಯವು. ಅಪ್ಪ ಒಂದು ಹೇಳಿ ಮಗ ಇನ್ನೊಂದು ಹೇಳಿದರೆ ವಾಪಸ್ ಹಡಗು ಹತ್ತಬೇಕಾಗಬಹುದಿತ್ತು. ಹೊರಗಟ್ಟಲು ನೆಪ ಹುಡುಕುತ್ತ ಬರೆದಿಟ್ಟ ಆ ಕಡತಗಳನ್ನೇ ಇಂದು ಮಿಸಿಸಿಪ್ಪಿ ಡೆಲ್ಟಾದ ಚೀನೀ ಮನೆತನಗಳ ಮೊಮ್ಮಕ್ಕಳು ತಿರುವಿಹಾಕುತ್ತಿದ್ದಾರೆ. ನಮ್ಮಲ್ಲಿ ವಂಶಾವಳಿ ಬರೆದಿಡುವ ಹೆಳವರು ಮಾಡುವ ಕೆಲಸವನ್ನು ಅಲ್ಲಿ ವಲಸೆ ಇಲಾಖೆ ತನಗರಿವಿಲ್ಲದೆ ಮಾಡಿಟ್ಟಿದೆ.

ಅಮೆರಿಕದ ಅಂತರ್ಯುದ್ಧ ಮುಗಿದು ಗುಲಾಮರ ಬಿಡುಗಡೆಯಾದ ಮೇಲೆ ಡೆಲ್ಟಾದ ಹತ್ತಿ ತೋಟಗಳ ಒಡೆಯರು ಚೀನೀಯರನ್ನು ಕೂಲಿಗೆ ಕರೆಸಿದರು. ಹೊಲದ ದುಡಿಮೆ ಗಿಟ್ಟದೆಂದು ಕಂಡುಕೊಂಡ ಅವರು ಕಿರಾಣಿ ಅಂಗಡಿ ತೆರೆದರು. ಮುಂದೆ ಅಂಗಡಿ, ಹಿಂದೆ ಸಂಸಾರ. ಗಿರಾಕಿಗಳು ಹೆಚ್ಚಾಗಿ ಕೋರಿಗೆ ಹೊಲ ಮಾಡುವ ಕಪ್ಪು ರೈತರು; ಹತ್ತಿ ಕೈಗೆ ಬರುವ ತನಕ ಉದ್ರಿ. 1882ರ ಕಾಯ್ದೆ ಚೀನೀ ಕೂಲಿಗಳಿಗೆ ಬಾಗಿಲು ಮುಚ್ಚಿದರೂ ವರ್ತಕರನ್ನು ಬಿಟ್ಟಿತ್ತು. ಹಾಗಾಗಿ ಅಂಗಡಿಯೆಂದರೆ ಹೊಟ್ಟೆಪಾಡೂ ಹೌದು, ರಹದಾರಿಯೂ ಹೌದು.

ಆದರೆ ಕಡತವನ್ನು ಪೂರ್ತಿ ನಂಬುವಂತಿಲ್ಲ. 1906ರ ಭೂಕಂಪ, ಬೆಂಕಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಜನನ ದಾಖಲೆಗಳು ಸುಟ್ಟುಹೋದವು. ಅನೇಕರು ತಾವು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳೆಂದು ಬರೆಸಿದರು; ಪ್ರಜೆಯ ಮಕ್ಕಳಿಗೆ ಪ್ರವೇಶವಿತ್ತು. ಹುಟ್ಟದ ಮಗನನ್ನೂ ಲೆಕ್ಕಕ್ಕೆ ಸೇರಿಸಿ, ಆ ಜಾಗವನ್ನು ಇನ್ನೊಬ್ಬರಿಗೆ ಮಾರಿದರು. ಹೀಗೆ ಬಂದ ‘ಕಾಗದದ ಮಕ್ಕಳು’ ಬಾವಿ, ಬೀದಿ, ಚಿಕ್ಕಪ್ಪಂದಿರನ್ನೆಲ್ಲ ಉರುಹೊಡೆದಿದ್ದರು. ಮೊಮ್ಮಗಳ ಕೈಗೆ ಸಿಗುವ ವಂಶಾವಳಿ ಯಾರದೋ ಆಗಿರಬಹುದು!

ಸುಳ್ಳಿನ ಗರಜೇ ಇಲ್ಲದ ಕಡೆಯೂ ಹೆಸರು ತಿರುವುಮುರುವಾಗಿದೆ. 1924ರಲ್ಲಿ ಡೆಲ್ಟಾದ ರೋಸ್‌ಡೇಲ್ ಊರಿನ ಬಿಳಿಯರ ಶಾಲೆಯಿಂದ ಮಾರ್ಥಾ ಲಮ್ ಎಂಬ ಹುಡುಗಿಯನ್ನು ಹೊರಗೆ ಹಾಕಿದರು. ಅಪ್ಪ ಸುಪ್ರೀಂ ಕೋರ್ಟಿನವರೆಗೂ ಹೋಗಿ 1927ರಲ್ಲಿ ಸೋತರು. ಅವರ ಮನೆತನದ ಹೆಸರು ಜ್ಯೂ. ಕಾನೂನಿನ ಪುಸ್ತಕಗಳಲ್ಲಿ ಉಳಿದದ್ದು ಮಾತ್ರ ಗಾಂಗ್ ಲಮ್.

ನನ್ನ ಮಟ್ಟಿಗೆ ಕಡತಕ್ಕಿಂತ ಗೋರಿಕಲ್ಲೇ ನಂಬಿಕಸ್ಥ ಸಾಕ್ಷಿ. ಡೆಲ್ಟಾದ ಗ್ರೀನ್‌ವಿಲ್‌ನಲ್ಲಿ ಚೀನೀಯರದೇ ಸ್ಮಶಾನವಿದೆ. ಕಾಗದದ ಮಕ್ಕಳ ಕಲ್ಲುಗಳ ಮೇಲೆ ಇಂಗ್ಲಿಷಿನಲ್ಲಿ ಕಾಗದದ ಹೆಸರಿದ್ದರೂ ಚೀನೀ ಅಕ್ಷರಗಳಲ್ಲಿ ನಿಜವಾದ ಮನೆತನ, ಹುಟ್ಟೂರು ಕೆತ್ತಿರುವುದುಂಟು. ಎದುರು ನಿಂತ ಮೊಮ್ಮಕ್ಕಳಿಗೆ ಆ ಲಿಪಿ ಬಾರದಿದ್ದರೆ ಓದಿಹೇಳುವವರನ್ನು ಹುಡುಕಬೇಕು. ಲಾರಿಸಾ ಲ್ಯಾಮ್ ನಿರ್ದೇಶಿಸಿದ ‘ಫಾರ್ ಈಸ್ಟ್ ಡೀಪ್ ಸೌತ್’ ಸಾಕ್ಷ್ಯಚಿತ್ರದಲ್ಲಿ ಕ್ಯಾಲಿಫೋರ್ನಿಯಾದ ಕುಟುಂಬವೊಂದು ಅಜ್ಜನ ಗೋರಿ ಹುಡುಕಿಕೊಂಡು ಮಿಸಿಸಿಪ್ಪಿಗೇ ಹೋಗುತ್ತದೆ.

1956ರಲ್ಲಿ ಅಮೆರಿಕ ಸರ್ಕಾರ, ನಿಜ ಹೇಳಿಕೊಂಡವರಿಗೆ ಅಲ್ಲೇ ಉಳಿಯುವ ಅವಕಾಶ ಸಿಗಬಹುದೆಂದಿತು. ಒಬ್ಬ ಬಾಯಿಬಿಟ್ಟರೆ ಅದೇ ಕಾಗದದ ಮೇಲೆ ಬಂದ ಬಂಧುಬಳಗವೆಲ್ಲ ಸಿಕ್ಕಿಬೀಳುತ್ತಿದ್ದುದರಿಂದ ಹಲವರು ಸುಮ್ಮನೇ ಉಳಿದರು. ಅಂಥವರ ಮೊಮ್ಮಕ್ಕಳು ಕಾಗದದ ಹೆಸರು ಹಿಡಿದು ಚೀನಾದ ಗ್ವಾಂಗ್‌ಡಾಂಗ್‌ನ ಹಳ್ಳಿಗೆ ಹೋದರೆ, ಅಲ್ಲಿನ ವಂಶಾವಳಿಯಲ್ಲಿ ಆ ಹೆಸರಿನವರು ಯಾರೂ ಸಿಗದಿರಬಹುದು.